ಭಾನುವಾರಕ್ಕೆ ಕಾಯದ ಸಕ್ಕರೆ ಅಚ್ಚು

ಹೋದ ತಿಂಗಳು ಮಾಲೂರಿನಲ್ಲಿ ನೆಂಟರ ಮದುವೆ ಇತ್ತು. ಛತ್ರದ ಹಿಂದೆಯೇ ಒಂದು ಸಣ್ಣ ಬೇಕರಿ. ಧಾರೆ ಮುಗಿದು ಎಲ್ಲರೂ ಊಟಕ್ಕೆ ಕಾಯುತ್ತಿದ್ದಾಗ ಕಿಟಕಿಯಿಂದ ನಾನ್‌ಖಟಾಯಿ ಬೇಯುವ ವಾಸನೆ ಬಂತು. ತುಪ್ಪ, ಏಲಕ್ಕಿ, ತಳದಲ್ಲಿ ಚೂರು ಸೀದ ಸಕ್ಕರೆ. ಪಕ್ಕದಲ್ಲಿ ಕೂತಿದ್ದಾಕೆ "ಎಷ್ಟು ಘಮ್ಮಂತಿದೆ ನೋಡಿ" ಅಂದರು. ನಾನು ಕಾಲು ನೋವಿನ ನೆಪ ಹೇಳಿ ಎದ್ದು, ದೂರದ ಕುರ್ಚಿಯಲ್ಲಿ ಹೋಗಿ ಕೂತೆ.

ನಲವತ್ತು ವರ್ಷಕ್ಕೂ ಮೇಲಾಯಿತು, ನಾನು ಬಿಸ್ಕತ್ತು ಬೇಯಿಸಿಲ್ಲ, ಸಕ್ಕರೆ ಅಚ್ಚು ಹಾಕಿಲ್ಲ. ಯಾರಾದರೂ ಕೇಳಿದರೆ ಕೈಲಾಗುವುದಿಲ್ಲ ಅನ್ನುತ್ತೇನೆ. ಕಾರಣ ಅದಲ್ಲ. ಎಂಬತ್ತನೇ ಇಸವಿಯ ದಸರೆಯಿಂದ ಎಂಬತ್ತೊಂದರ ಸಂಕ್ರಾಂತಿವರೆಗೆ, ನಾಲ್ಕೇ ತಿಂಗಳು, ನಾನು ಮುಳಬಾಗಿಲಿನ ನಮ್ಮ ಮನೆಯಲ್ಲಿ ಇವೆಲ್ಲವನ್ನೂ ಬೇಕಾದಷ್ಟು ಮಾಡಿದ್ದೇನೆ. ಅಷ್ಟು ಸಂತೋಷ ನಾನು ಆಮೇಲೆ ಪಡಲಿಲ್ಲ. ಆ ಸಂತೋಷಕ್ಕೆ ಇನ್ನೊಬ್ಬಳು ಏನು ತೆತ್ತಳು ಅನ್ನುವುದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಆಗ ನಮ್ಮದು ಒಟ್ಟು ಸಂಸಾರ. ಅತ್ತೆ, ನನ್ನ ಯಜಮಾನರು, ನಾನು. ಮೈದುನ, ಅವನ ಹೆಂಡತಿ ಸರೋಜ, ಅವರ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶೈಲಾ, ಆರು ವರ್ಷ. ಚಿಕ್ಕವಳು ನಂದಿನಿ, ನಾಲ್ಕು. ಅವಳನ್ನು ನಂದು ಅನ್ನುತ್ತಿದ್ದೆವು. ನನಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆ ವಿಷಯ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಯಾರೂ ಆಡುತ್ತಿಲ್ಲ ಅನ್ನುವುದು ಮಾತ್ರ ನನಗೆ ದಿನಾ ಕೇಳಿಸುತ್ತಿತ್ತು.

ಸರೋಜ ಟೀಚರ್ ಟ್ರೈನಿಂಗ್ ಮಾಡಿ ನಾಲ್ಕು ವರ್ಷ ಕಾದಿದ್ದಳು. ಆ ವರ್ಷ ಗಣೇಶನ ಹಬ್ಬ ಮುಗಿಯುತ್ತಿದ್ದ ಹಾಗೆ ಅವಳಿಗೆ ಆರ್ಡರ್ ಬಂತು. ಹುತ್ತೂರಿನ ಕಡೆ ಒಂದು ಹಳ್ಳಿ, ಪ್ರೈಮರಿ ಸ್ಕೂಲು. ಮುಳಬಾಗಿಲಿಂದ ಕೋಲಾರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಇಳಿದ ಮೇಲೆ ಒಂದೂವರೆ ಮೈಲಿ ನಡಿಗೆ. ಬೆಳಗ್ಗೆ ಆರೂವರೆಗೆ ಹೊರಟರೆ ಮನೆ ಸೇರುವಾಗ ಏಳು ದಾಟುತ್ತಿತ್ತು. ಮೈದುನನಿಗೆ ಅಷ್ಟು ಇಷ್ಟವಿರಲಿಲ್ಲ. ಅತ್ತೆ ಮಾತ್ರ, "ಪೋನೀಲೇ, ಓದಿದಾಳೆ, ಹೋಗ್ಲಿ. ಮಕ್ಕಳನ್ನ ನೋಡ್ಕೊಳ್ಳೋಕೆ ನಾವಿಲ್ವಾ" ಅಂದರು. ಅತ್ತೆಯ ಕನ್ನಡದಲ್ಲಿ ಅರ್ಧ ತೆಲುಗೇ.

ಹೊರಡುವ ಹಿಂದಿನ ದಿನ ಸರೋಜ ನನ್ನ ಪಕ್ಕ ಬಂದು ಕೂತಳು.

"ಅಕ್ಕ, ನೀವಿದ್ದೀರ ಅನ್ನೋ ಧೈರ್ಯಕ್ಕೆ ಹೋಗ್ತಿದೀನಿ. ಇಲ್ದಿದ್ರೆ ನನ್ನ ಕೈಲಿ ಆಗ್ತಿರಲಿಲ್ಲ."

"ನೀನು ಹೋಗೇ. ಮಕ್ಕಳ ಚಿಂತೆ ಬಿಡು" ಅಂದೆ. ಮನಸ್ಸಿನಿಂದಲೇ ಅಂದೆ.

ನನ್ನ ತವರು ಕೆ.ಜಿ.ಎಫ್. ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಅಜ್ಜಿ ಇದ್ದರು. ಬಿಸ್ಕತ್ತು ಬೇಯಿಸುವುದು, ಬಣ್ಣದ ಕಾಗದದಲ್ಲಿ ಹೂವು, ನಕ್ಷತ್ರ ಮಾಡುವುದು ಎಲ್ಲ ನಾನು ಅವರಿಂದ ಕಲಿತದ್ದು. ಗಂಡನ ಮನೆಗೆ ಬಂದ ಮೇಲೆ ಅವು ಯಾವುದಕ್ಕೂ ಕೆಲಸವಿರಲಿಲ್ಲ. ಆ ದಸರೆಗೆ ಎಲ್ಲ ಹೊರಗೆ ಬಂತು. ಬೊಂಬೆ ಕೂಡಿಸುವ ಹತ್ತು ದಿನ ಮುಂಚೆ ಶೈಲಾ, ನಂದು ಇಬ್ಬರನ್ನೂ ಕೂರಿಸಿಕೊಂಡು ಹಳೆಯ ತಟ್ಟೆಗಳಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲಿದೆ. ಅದು ಮೊಳೆತು ಹಸಿರು ಹುಲ್ಲಾದಾಗ ಬೊಂಬೆಗಳ ಮುಂದೆ ಪಾರ್ಕು ಮಾಡಿದೆವು. ಒಡೆದ ಕನ್ನಡಿ ಕೆರೆಯಾಯಿತು. ಬೆಂಕಿಪೊಟ್ಟಣಗಳು ಬಸ್ಸಾದವು. ನಂದು ಒಂದು ಬಸ್ಸಿನ ಮೇಲೆ ಕಡ್ಡಿಯಂಥ ಒಬ್ಬ ಹೆಂಗಸನ್ನು ಬರೆದು "ಇದು ಅಮ್ಮ" ಅಂದಳು. ನಾನು ನಕ್ಕು, ಆ ಪೊಟ್ಟಣವನ್ನು ಹಿಂದಿನ ಸಾಲಿಗೆ ಸರಿಸಿದೆ. ಯಾಕೆ ಸರಿಸಿದೆ ಅಂತ ಆವತ್ತು ನನ್ನನ್ನು ಯಾರಾದರೂ ಕೇಳಿದ್ದರೆ, ಅದು ಅಲ್ಲೇ ಚೆನ್ನಾಗಿ ಕಾಣುತ್ತೆ ಅಂದಿರುತ್ತಿದ್ದೆ.

ದೀಪಾವಳಿಗೆ ಬಿದಿರು ಕಡ್ಡಿ, ಗಾಳಿಪಟದ ಕಾಗದ, ಮೈದಾ ಅಂಟಿನಲ್ಲಿ ಆಕಾಶಬುಟ್ಟಿ ಮಾಡಿದೆವು. ಬೀದಿಯ ಮಕ್ಕಳೆಲ್ಲ ನೋಡಲು ಬಂದರು. ಆಮೇಲೆ ಸೈಕ್ಲೋನಿನ ಜಡಿಮಳೆ ಹಿಡಿಯಿತು. ನಮ್ಮ ಕಡೆ ಮುಂಗಾರು ಕೈಕೊಟ್ಟರೂ ಕಾರ್ತಿಕದಲ್ಲಿ ಈ ಮಳೆ ಮೂರು ನಾಲ್ಕು ದಿನ ಬಿಡದೆ ಸೋನೆ ಹಿಡಿದು ಕೂರುತ್ತದೆ. ಮಕ್ಕಳು ಹೊರಗೆ ಹೋಗುವಂತಿರಲಿಲ್ಲ. ಹಿತ್ತಲ ಬಚ್ಚಲಮನೆಯ ಪಕ್ಕ ಸೌದೆ ಇಡುವ ಕೊಟ್ಟಿಗೆಯಲ್ಲಿ ಇದ್ದಿಲ ಒಲೆ ಹೂಡಿದೆ. ಹಳೆಯ ದಪ್ಪ ಪಾತ್ರೆಯ ತಳಕ್ಕೆ ಎರಡು ಸೇರು ಮರಳು, ಮರಳಿನ ಮೇಲೆ ತಟ್ಟೆ, ಮುಚ್ಚಳದ ಮೇಲೆ ಕೆಂಡ. ಅದೇ ನಮ್ಮ ಬೇಕರಿ. ಮೊಟ್ಟೆ ಸೇರಬಾರದು ಅನ್ನುವುದೊಂದೇ ಅತ್ತೆಯ ಷರತ್ತು. ತುಪ್ಪ ಸಕ್ಕರೆ ಅಂಗೈಯಲ್ಲಿ ಉಜ್ಜಿ ಉಜ್ಜಿ ಬೆಣ್ಣೆಯ ಹಾಗೆ ಮಾಡಿ, ಮೈದಾ ಬೆರೆಸಿ, ಮಕ್ಕಳ ಮುಂದೆ ಉಂಡೆ ಇಡುತ್ತಿದ್ದೆ. ಶೈಲಾ ಅಚ್ಚುಕಟ್ಟಾಗಿ ಚಂದ್ರ, ನಕ್ಷತ್ರ ಕತ್ತರಿಸುವಳು. ನಂದು ಮಾಡಿದ್ದೆಲ್ಲ ಆನೆ. ಸೊಂಡಿಲು ಬೆಂದಾಗ ಮುರಿದು ಬೀಳುವುದು. ಮುರಿದ ಸೊಂಡಿಲು ತಿನ್ನಲು ಇಬ್ಬರೂ ಕಿತ್ತಾಡುವರು.

ಇಲ್ಲಿವರೆಗೆ ಹೇಳಿದ್ದರಲ್ಲಿ ತಪ್ಪೇನಿದೆ ಅಂತ ಅನ್ನಿಸಬಹುದು. ಈಗ ಸಂಜೆಯ ವಿಷಯ ಹೇಳಬೇಕು.

ಸರೋಜ ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೂ ನಂದು ಸಂಜೆ ಐದಕ್ಕೆ ಜಗಲಿಯ ಮೇಲೆ ಹೋಗಿ ಕೂರುತ್ತಿದ್ದಳು. ಗಡಿಯಾರ ನೋಡಲು ಅವಳಿಗೆ ಬರುತ್ತಿರಲಿಲ್ಲ. ಎದುರು ಮನೆಯವರು ಹಾಲು ಕರೆಯಲು ಶುರು ಮಾಡಿದರೆ ಅಮ್ಮನ ಬಸ್ಸಿಗೆ ಹೊತ್ತಾಯಿತು ಅಂತ ಅವಳ ಲೆಕ್ಕ. ಅಮ್ಮನ ಹಳೆಯ ಚಪ್ಪಲಿಯಲ್ಲಿ ಪುಟ್ಟ ಕಾಲು ತೂರಿಸಿಕೊಂಡು, ಕಂಬಕ್ಕೆ ಒರಗಿ, ಬೀದಿಯ ಕೊನೆ ನೋಡುತ್ತ ಕೂರುವಳು. ಹೆದ್ದಾರಿಯಲ್ಲಿ ಯಾವ ಬಸ್ಸಿನ ಹಾರನ್ ಕೇಳಿದರೂ ಎದ್ದು ನಿಲ್ಲುವಳು. ಆಟವಿಲ್ಲ, ಮಾತಿಲ್ಲ. ಅವಳ ಅಮ್ಮ ಬರಲು ಇನ್ನೂ ಎರಡು ಗಂಟೆ ಇರುತ್ತಿತ್ತು.

ಮೊದಮೊದಲು ಪಾಪ ಅನ್ನಿಸಿ ಒಳಗೆ ಕರೆದೆ. ಬರಲಿಲ್ಲ. ಎತ್ತಿಕೊಂಡರೆ ಕೊಸರಿಕೊಂಡಳು. ಹಗಲೆಲ್ಲ ನನ್ನ ಸೆರಗು ಹಿಡಿದು ಓಡಾಡುವ ಮಗು ಐದು ಗಂಟೆಗೆ ನನಗೆ ಯಾರೋ ಆಗಿಬಿಡುತ್ತಿತ್ತು. ಅದನ್ನು ನಾನು ತಡೆದುಕೊಳ್ಳಲಿಲ್ಲ. ಮಧ್ಯಾಹ್ನ ಮಾಡುತ್ತಿದ್ದ ಬಿಸ್ಕತ್ತಿನ ಕೆಲಸವನ್ನು ಸಂಜೆಗೆ ಹಾಕಿಕೊಂಡೆ. ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ ಹಿಟ್ಟು ಕಲಸಿ, "ನಂದೂ, ಆನೆ ಮಾಡೋರು ಬರಬೇಕು" ಅಂತ ಕೂಗುತ್ತಿದ್ದೆ. ಒಂದು ಸಲ ಬೀದಿಯ ಕಡೆ ನೋಡಿ, ಒಂದು ಸಲ ಒಳಗೆ ನೋಡಿ, ಕೊನೆಗೆ ಚಪ್ಪಲಿ ಬಿಟ್ಟು ಬರುವಳು. ಸರೋಜ ಏಳು ಗಂಟೆಗೆ ದಣಿದು ಬಂದು ಬಾಗಿಲಲ್ಲಿ ನಿಂತಾಗ ಮಕ್ಕಳಿಬ್ಬರೂ ಹಿತ್ತಲಲ್ಲಿ ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ಒಲೆಯ ಮುಂದೆ ಇರುತ್ತಿದ್ದರು. "ಅಮ್ಮ ಬಂದೆ" ಅಂದರೆ "ಇರಮ್ಮ, ಸುಟ್ಟೋಗುತ್ತೆ" ಅನ್ನುವರು. ಜಗಲಿಯ ಮೇಲಿನ ಆ ಒಂದು ಗಂಟೆ ಅವಳು ಒಂದು ದಿನವೂ ನೋಡಲಿಲ್ಲ. ನಾನು ಹೇಳಲೂ ಇಲ್ಲ.

ಸರೋಜಳಿಗೂ ಮಕ್ಕಳ ಜೊತೆ ಕೂತು ಏನಾದರೂ ಮಾಡುವ ಆಸೆ. ಡಿಸೆಂಬರಿನಲ್ಲಿ ಒಂದು ದಿನ ಚೀಲದ ತುಂಬ ರೇಷ್ಮೆಗೂಡು ತಂದಳು. ಚಿಟ್ಟೆ ತೂತು ಮಾಡಿಕೊಂಡು ಹೊರಟುಹೋದ, ನೂಲಿಗೆ ಬಾರದ ಗೂಡುಗಳು. ಅವಳ ಸ್ಕೂಲಿನ ಹುಡುಗಿಯೊಬ್ಬಳ ತಾಯಿ ಕೊಟ್ಟಿದ್ದಂತೆ. ಕತ್ತರಿಸಿ ಬಣ್ಣ ಅದ್ದಿದರೆ ಹೂವಾಗುತ್ತವೆ.

"ಭಾನುವಾರ ನಾವು ಮೂರು ಜನ ಕೂತು ಹಾರ ಮಾಡೋಣ" ಅಂತ ಮಕ್ಕಳಿಗೆ ಹೇಳಿ ಚೀಲವನ್ನು ಗೂಟಕ್ಕೆ ನೇತುಹಾಕಿದಳು.

ಶುಕ್ರವಾರ ನಾನೇ ಆ ಚೀಲ ಇಳಿಸಿದೆ. ಮಕ್ಕಳು ಹಟ ಮಾಡಿದರು ಅಂತ ಸರೋಜಳಿಗೆ ಹೇಳಿದೆ. ಅವರು ಹಟ ಮಾಡಿರಲಿಲ್ಲ. ಬಣ್ಣಬಣ್ಣದ ಹಾರ ಬಾಗಿಲಿಗೆ ತೂಗುತ್ತಿತ್ತು. ಸರೋಜ ಅದನ್ನು ಮುಟ್ಟಿ ನೋಡಿ, "ನನಗೆ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ ಬಿಡಿ ಅಕ್ಕ" ಅಂದಳು. ನಾನು ಸುಮ್ಮನೆ ನಕ್ಕೆ.

ಸಂಕ್ರಾಂತಿ ಆ ವರ್ಷ ಬುಧವಾರ. ಸಕ್ಕರೆ ಅಚ್ಚಿನ ಮರದ ಮಣೆಗಳು ನಮ್ಮ ಮನೆಯಲ್ಲಿರಲಿಲ್ಲ. ಸರೋಜ ತನ್ನ ತವರು ಶ್ರೀನಿವಾಸಪುರದಿಂದ ಅವಳಮ್ಮನ ಮಣೆಗಳನ್ನು ತರಿಸಿದ್ದಳು. ಹೇಗೆ ಪಾಕ ತೆಗೆಯಬೇಕು ಅಂತ ಅವಳಮ್ಮನಿಂದ ಕಲಿತದ್ದು ಅವಳು. ನನಗೆ ಅದು ಹೊಸದು. ಹಬ್ಬಕ್ಕೆ ಹತ್ತು ದಿನ ಮುಂಚೆ, ಒಂದು ಭಾನುವಾರ, ಮಣೆಗಳನ್ನು ಬಿಸಿಲಿಗೆ ಹಾಕಿ ಒರೆಸಿ ನನ್ನ ಕೈಗೆ ಕೊಟ್ಟಳು.

"ಅಕ್ಕ, ಶನಿವಾರ ಸಂಜೆ ನೆನೆ ಹಾಕಿ ಸಾಕು. ಭಾನುವಾರ ನಾನೇ ಇರ್ತೀನಲ್ಲ, ಮಕ್ಕಳ ಕೈಲೇ ಹುಯ್ಯಿಸ್ತೀನಿ. ನಮ್ಮಮ್ಮ ನಂಗೆ ಹೇಳಿಕೊಟ್ಟಂಗೆ. ಅದೊಂದು ನನಗೆ ಬಿಡಿ."

ಅದೊಂದು ನನಗೆ ಬಿಡಿ ಅಂದಳು. ಅಷ್ಟು ಬಾಯಿಬಿಟ್ಟು ಕೇಳಿದ್ದಳು.

ಶನಿವಾರ ಅವಳಿಗೆ ಬೆಳಗಿನ ಸ್ಕೂಲು, ಮಧ್ಯಾಹ್ನ ಮೂರಕ್ಕೆಲ್ಲ ಬರುವಳು. ನಾನು ಶುಕ್ರವಾರ ಸಂಜೆಯೇ ಮಣೆಗಳನ್ನು ನೀರಿಗೆ ಹಾಕಿದೆ. ಶನಿವಾರ ಬೆಳಗ್ಗೆ ಒಲೆ ಹಚ್ಚಿದಾಗ ಶೈಲಾ ಬಂದು ಕೇಳಿದಳು.

"ದೊಡ್ಡಮ್ಮ, ಇದು ನಾಳೆ ಅಲ್ವಾ? ಅಮ್ಮ ಬರಬೇಕು ಅಂದಿದ್ಳು."

"ಅಮ್ಮಂಗೆ ಸುಸ್ತಾಗಿರುತ್ತೆ ಕಣೇ. ನಾವೇ ಮಾಡಿಟ್ರೆ ಅವಳಿಗೆ ಖುಷಿ ಆಗುತ್ತೆ" ಅಂದೆ.

ಶೈಲಾ ನನ್ನ ಮಾತು ನಂಬಿ ಪಕ್ಕದಲ್ಲಿ ಕೂತಳು. ಸಕ್ಕರೆ ಕುದಿಸಿ, ಹಾಲು ಹಾಕಿ ಕಲ್ಮಶ ತೆಗೆದು, ಬಟ್ಟೆಯಲ್ಲಿ ಸೋಸಿದೆ. ಮೊದಲ ಎರಡು ಸಲ ಪಾಕ ಕೆಟ್ಟಿತು. ಮೂರನೆಯ ಸಲ ಹದ ಸಿಕ್ಕಿತು. ದಾರ ಕಟ್ಟಿದ ಮಣೆಗೆ ಹುಯ್ದು, ಗಟ್ಟಿಯಾದ ಮೇಲೆ ದಾರ ಬಿಚ್ಚುವ ಕೆಲಸ ಮಕ್ಕಳಿಗೆ. ಎರಡು ಹೋಳು ಬಿಡಿಸಿದಾಗ ಒಳಗಿಂದ ಬೆಳ್ಳಗೆ ಕೋಳಿ, ಆನೆ, ಗೋಪುರ, ತುಳಸಿಕಟ್ಟೆ. ಪ್ರತಿಯೊಂದು ಬಂದಾಗಲೂ ನಂದು ಉಸಿರು ಬಿಗಿಹಿಡಿದು ನೋಡುವಳು. ಮಧ್ಯಾಹ್ನದ ಹೊತ್ತಿಗೆ ಮೂರು ತಟ್ಟೆ ತುಂಬಿತು.

ಸರೋಜ ಮೂರಕ್ಕೆ ಬಂದಳು. ಬಸ್ ಸ್ಟ್ಯಾಂಡಿನಿಂದ ಬೇಗ ಬೇಗ ನಡೆದು ಬಂದು ಮುಖವೆಲ್ಲ ಕೆಂಪಾಗಿತ್ತು. ಚೀಲದಲ್ಲಿ ಗುಲಾಬಿ ಬಣ್ಣದ ಪೊಟ್ಟಣ, ಒಂದಷ್ಟು ಅಚ್ಚಿಗೆ ಬಣ್ಣ ಕಲಸೋಣ ಅಂತ ಕೋಲಾರದಲ್ಲಿ ಇಳಿದು ತಂದಿದ್ದಳು. ತಟ್ಟೆಗಳನ್ನು ನೋಡಿದಳು. ನಂದು ಓಡಿಬಂದು ಒಂದು ಆನೆ ತೋರಿಸಿ, "ನೋಡಮ್ಮ, ನಿಂಗೆ ಬರಲ್ಲ ಅಂದ್ರೆ ದೊಡ್ಡಮ್ಮನ್ನ ಕೇಳು, ಹೇಳಿಕೊಡ್ತಾಳೆ" ಅಂದಳು.

ಸರೋಜ ಮಗುವಿನ ತಲೆ ಸವರಿ ಒಳಗೆ ಹೋದಳು. ಅತ್ತೆ ನನ್ನನ್ನು ನೋಡಿ, "ಆಗಬಾರದಿತ್ತು ಕಣಮ್ಮ" ಅಂತ ಮೆಲ್ಲಗೆ ಅಂದರು.

ಮಾರನೆಯ ದಿನ ಹಿತ್ತಲಲ್ಲಿ ಇಬ್ಬರೂ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತ ಕೂತಿದ್ದೆವು. ಮಕ್ಕಳು ಬೀದಿಯಲ್ಲಿದ್ದರು. ಅವಳು ತಲೆ ಎತ್ತದೆ ಕೇಳಿದಳು.

"ಅಕ್ಕ, ಒಂದು ಮಾತು ಕೇಳ್ತೀನಿ, ಇದ್ದಿದ್ದು ಇದ್ದಂಗೆ ಹೇಳಿ. ಹಗಲೊತ್ತು ಮಕ್ಕಳು ನನ್ನ ಕೇಳ್ತಾರಾ? ಅಮ್ಮ ಎಲ್ಲಿ, ಯಾವಾಗ ಬರ್ತಾಳೆ ಅಂತ?"

ನನ್ನ ಕಣ್ಣ ಮುಂದೆ ಜಗಲಿ ಬಂತು. ಆ ಚಪ್ಪಲಿ, ಆ ಕಂಬ. ಬಾಯಿಗೆ ಬಂದದ್ದು ಬೇರೆ.

"ಇಲ್ಲ ಕಣೇ. ಆರಾಮಾಗಿ ಆಡ್ಕೊಂಡಿರ್ತಾರೆ. ನೀನು ಯೋಚನೆ ಮಾಡ್ಬೇಡ."

ಅವಳಿಗೆ ಸಮಾಧಾನ ಆಗಲಿ ಅಂತ ಹೇಳಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಹೇಳುವಾಗ ನನಗೆ ಒಳಗೆ ಹಿತವಾಗಿತ್ತು.

"ಒಂದ್ ದಿನಾನೂ?" ಅಂದಳು.

"ಒಂದ್ ದಿನಾನೂ" ಅಂದೆ.

ಅವಳು ಕೊಬ್ಬರಿ ಹೆಚ್ಚುವುದನ್ನು ಮುಂದುವರಿಸಿದಳು. ಎಲ್ಲ ಒಂದೇ ಅಳತೆ, ಸಣ್ಣ ಸಣ್ಣ ಚೂರು.

ಹಬ್ಬ ಮುಗಿದು ಹದಿನೈದು ದಿನಕ್ಕೆ ಸರೋಜ ರಾಜೀನಾಮೆ ಬರೆದುಕೊಟ್ಟಳು. ಮೈದುನ ಬೇಡ ಅನ್ನಲಿಲ್ಲ. ನನ್ನ ಯಜಮಾನರು, "ನಾಲ್ಕು ವರ್ಷ ಕಾದು ಸಿಕ್ಕಿದ ಕೆಲಸ, ಟ್ರಾನ್ಸ್‌ಫರಿಗಾದ್ರೂ ಬರೀಬಹುದಿತ್ತು" ಅಂದರು. ಅವಳು, "ನನ್ನ ಮಕ್ಕಳಿಗೆ ನಾನೇ ನೆನಪಿಲ್ಲ ಭಾವ. ಯಾರ ಮಕ್ಕಳಿಗೆ ಪಾಠ ಹೇಳಿ ಏನಾಗಬೇಕು" ಅಂದಳು. ನಾನು ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಆಗಲೂ ಬಾಯಿ ಬಿಡಬಹುದಿತ್ತು. ಬಿಟ್ಟಿದ್ದರೆ ನಾನು ಸುಳ್ಳು ಹೇಳಿದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಶಿವರಾತ್ರಿ ಹೊತ್ತಿಗೆ ಒಬ್ಬ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದಳು. ಸರೋಜಳ ಸ್ಕೂಲಿನ ಹಳ್ಳಿಯವಳು, ರೇಷ್ಮೆಗೂಡು ಕೊಟ್ಟಿದ್ದವಳೇ. ಮಡಿಲಲ್ಲಿ ಅವರೆಕಾಯಿ ಗಂಟು. ಸರೋಜ ದೇವಸ್ಥಾನಕ್ಕೆ ಹೋಗಿದ್ದಳು. ಆ ಹೆಂಗಸು ನನ್ನನ್ನೇ ಕೇಳಿದಳು.

"ಯಾಕಮ್ಮ ಬಿಟ್ಬಿಟ್ರು ಮೇಡಮ್ಮೋರು? ಹೊಸಾ ಮೇಷ್ಟ್ರು ವಾರಕ್ಕೆ ಎರಡ್ ದಿನ ಬತ್ತಾರೆ. ನಮ್ಮ ಹುಡುಗಿ ಇನ್ನು ಓದಲ್ಲ ಅಂತಾಳೆ. ಆಯಮ್ಮ ಇದ್ದಾಗ ಜ್ವರ ಬಂದ್ರೂ ಓಡೋಳು."

"ಮನೇಲಿ ಚಿಕ್ಕ ಮಕ್ಕಳು" ಅಂದೆ.

"ಅದು ಸರಿ, ನೋಡ್ಕೊಳ್ಳೋಕೆ ಯಾರೂ ಇಲ್ಲದಿದ್ರೆ ಕಷ್ಟಾನೇ" ಅಂದು ಅವರೆಕಾಯಿ ಸುರಿದು ಹೋದಳು.

ಯುಗಾದಿ ಕಳೆದ ಮೇಲೆ ಮೈದುನನಿಗೆ ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಕೆಲಸ ಸಿಕ್ಕಿತು. ಸರೋಜಳೇ ತನ್ನ ತವರಿನವರ ಕೈಲಿ ಹೇಳಿಸಿ ಕೊಡಿಸಿದ್ದು. ಅವರು ಸಾಮಾನು ಕಟ್ಟಿದರು. ಬಸ್ಸು ಹತ್ತಿಸಲು ನಾನೂ ಹೋಗಿದ್ದೆ. ನಂದು ಅಮ್ಮನ ತೊಡೆಯ ಮೇಲೆ ಕೂತು ಅವಳ ಬಳೆ ಎಣಿಸುತ್ತಿದ್ದಳು. ಬಸ್ಸು ಹೊರಟಾಗ ಶೈಲಾ ಕೈ ಬೀಸಿದಳು. ನಂದು ತಿರುಗಲಿಲ್ಲ. ಮನೆಗೆ ಬಂದು ಪಾತ್ರೆಯಲ್ಲಿದ್ದ ಮರಳನ್ನು ಹಿತ್ತಲಿಗೆ ಚೆಲ್ಲಿದೆ.

ಆಮೇಲೆ ಹಬ್ಬ ಹುಣ್ಣಿಮೆಗೆ ಬರುವುದು ಹೋಗುವುದು ಇದ್ದೇ ಇತ್ತು. ಅತ್ತೆ ತೀರಿಕೊಂಡರು. ಮಂಡಿ ವರ್ಷದಲ್ಲಿ ನಾಲ್ಕು ತಿಂಗಳು ನಡೆಯುತ್ತಿತ್ತು, ಉಳಿದ ದಿನ ಮೈದುನನಿಗೆ ಕೆಲಸವಿರುತ್ತಿರಲಿಲ್ಲ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಸರೋಜ ಮತ್ತೆ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದಳು. ವಯಸ್ಸು ಮೀರಿದೆ ಅಂದರು. ಮನೆಯ ಪಡಸಾಲೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳುತ್ತ, ಹೊಲಿಗೆ ಹಾಕುತ್ತ ಇದ್ದಳು.

ಎಂಬತ್ತೆಂಟರ ಬೇಸಿಗೆಯಲ್ಲಿ ಒಂದು ದಿನ ಬೆಳಗ್ಗೆ ಅವರ ಮನೆಗೆ ಹೋದೆ. ಮೈದುನ ಮಂಡಿಗೆ ಹೋಗಿದ್ದ. ಸರೋಜ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತ ಈಳಿಗೆಮಣೆಯ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ವಾಟೆ ತೆಗೆಯುತ್ತಿದ್ದೆ. ಅವಳ ಜೊತೆ ಟ್ರೈನಿಂಗ್ ಮಾಡಿದ ಯಾರೋ ಹೆಡ್ ಮಿಸ್ ಆದ ಸುದ್ದಿ ಹೇಳಿದಳು. ಹೇಳಿ, ತಾನೇ ಸಮಾಧಾನ ಮಾಡಿಕೊಳ್ಳುವ ಹಾಗೆ ಅಂದಳು.

"ಹೋಗ್ಲಿ ಬಿಡಿ ಅಕ್ಕ. ನಾನು ಅವತ್ತು ಬಿಟ್ಟಿದ್ದೇ ಸರಿ. ಮಕ್ಕಳು ನನ್ನ ಮರ್ತೇ ಬಿಟ್ಟಿದ್ವಲ್ಲ."

"ಮರ್ತಿರಲಿಲ್ಲ ಸರೋಜ" ಅಂದೆ.

ಅವಳ ಕೈ ನಿಂತಿತು. "ಏನಂದ್ರಿ?"

ಎಲ್ಲ ಹೇಳಿದೆ. ಐದು ಗಂಟೆ, ಎದುರು ಮನೆಯ ಹಸು, ಚಪ್ಪಲಿ, ಹಾರನ್ ಕೇಳಿದರೆ ಎದ್ದು ನಿಲ್ಲುವುದು. ನಾನು ಹಿಟ್ಟು ಕಲಸಿ ಕರೆಯುತ್ತಿದ್ದದ್ದು. ಅವಳು ಕೇಳಿದಾಗ ನಾನು ಇಲ್ಲ ಅಂದದ್ದು. ಮುಗಿದ ಮೇಲೆ ಕೇಳಿದಳು.

"ದಿನಾ ಕೂತಿರೋಳಾ?"

"ದಿನಾ."

"ಮಳೆ ಬಂದ್ರೂ?"

"ಮಳೆ ಬಂದ್ರೆ ಕಂಬದಿಂದ ಈಚೆಗೆ ಸರಿದು ಕೂರೋಳು."

"ಶೈಲಾ?"

"ಅವಳು ಕೂರ್ತಿರಲಿಲ್ಲ. ಭಾನುವಾರಕ್ಕೆ ಇನ್ನೆಷ್ಟು ದಿನ ಅಂತ ಕೇಳ್ತಿದ್ಳು."

ಸರೋಜ ಈಳಿಗೆಯ ಅಲಗು ನೋಡುತ್ತ ಕೂತಳು. "ಇಷ್ಟು ಗೊತ್ತಿದ್ದಿದ್ರೆ ನಾನು ಕೆಲಸ ಬಿಡ್ತಿರಲಿಲ್ಲ ಅಕ್ಕ. ಕಾಯ್ತಿದಾರೆ ಅಂತ ಗೊತ್ತಿದ್ರೆ ಎಷ್ಟು ದೂರ ಬೇಕಾದ್ರೂ ಹೋಗಿ ಬರ್ತಿದ್ದೆ. ಯಾಕೆ ಹೇಳಲಿಲ್ಲ?"

"ಅವರು ನನ್ನ ಮಕ್ಕಳು ಅನ್ನಿಸಿಬಿಟ್ಟಿತ್ತು" ಅಂದೆ. ಕ್ಷಮಿಸು ಅನ್ನುವ ಮಾತು ನಾಲಿಗೆಯವರೆಗೆ ಬಂತು, ಹೇಳಲು ಮುಖವಿರಲಿಲ್ಲ.

ಅಷ್ಟರಲ್ಲಿ ನಂದು ಒಳಗೆ ಬಂದಳು. ಹನ್ನೆರಡು ವರ್ಷ, ಎರಡು ಜಡೆ, ಅಮ್ಮನದೇ ಮುಖ. "ದೊಡ್ಡಮ್ಮ, ಯಾವಾಗ ಬಂದೆ?" ಅಂತ ನನ್ನ ಹೆಗಲಿಗೆ ಕೈ ಹಾಕಿ ಕೂತಳು. ಸರೋಜ ಅವಳನ್ನು ನೋಡಿದಳು. ಆಮೇಲೆ ನನ್ನನ್ನು.

"ಅಕ್ಕ, ಅವಳಿಗೂ ಹೇಳಿ."

"ಈಗ ಯಾಕೆ ಸರೋಜ..."

"ಹೇಳಿ. ನೀವು ಹೇಳಿದ್ರೇನೇ ಅವಳು ನಂಬೋದು."

ಆ ಮಗುವಿನ ಕೈ ಹೆಗಲ ಮೇಲಿರುವಾಗಲೇ ಎರಡನೆಯ ಸಲ ಹೇಳಿದೆ. ನಂದು ಗಮನವಿಟ್ಟು ಕೇಳಿದಳು. ಹುಬ್ಬು ಗಂಟು ಹಾಕಿ ನೆನಪು ಮಾಡಿಕೊಳ್ಳಲು ನೋಡಿದಳು. ಅಮ್ಮನ ಮುಖ ನೋಡಿ ಇನ್ನೊಂದು ಸಲ ಪ್ರಯತ್ನ ಪಟ್ಟಳು. ಕೊನೆಗೆ ತಲೆ ಅಲ್ಲಾಡಿಸಿದಳು.

"ಇಲ್ಲ ದೊಡ್ಡಮ್ಮ, ನೆನಪಿಗೆ ಬರ್ತಿಲ್ಲ. ಮುಳಬಾಗಿಲು ಅಂದ್ರೆ ನಂಗೆ ನೀನೊಬ್ಬಳೇ ನೆನಪು. ಅಮ್ಮ ಆ ಮನೇಲಿ ಇದ್ದಿದ್ದೇ ನೆನಪಿಲ್ಲ."

ಸರೋಜ ಹೋಳಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಉಪ್ಪು ಬೆರೆಸುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಊಟಕ್ಕೆ ಎಲೆ ಹಾಕಿ ಕರೆದಳು, ಬಡಿಸಿದಳು, ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ ಅಂತ ಬಲವಂತವನ್ನೂ ಮಾಡಿದಳು. ನನ್ನ ಮುಖ ನೋಡಲಿಲ್ಲ. ಮೂರು ಗಂಟೆಯ ಬಸ್ಸಿಗೆ ನಾನು ಹೊರಟಾಗ ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೂ ಬಂದವಳು ನಂದು.